ಹೊಸಿಲಾಚೆಯ ಕೆಂಡ

ಪ್ರೀತಿಯ ಅಜ್ಜಿ,

ನಿನ್ನ ಬೆಳಗುಗಳು ನೆನಪಾದರೆ ಈಗೀಗ ಸಿಟ್ಟು ಬರುತ್ತದೆ. ಒಲೆ ಆರಿದ್ದರೆ ನೀನು ಹಿತ್ತಿಲಲ್ಲಿ ನಿಂತು, ಯಾರ ಸೂರಿನಿಂದ ಹೊಗೆ ಏಳುತ್ತಿದೆ ಎಂದು ನೋಡುತ್ತಿದ್ದೆ. ಬೆರಣಿ ಚೂರು ಹಿಡಿದು ನೇರ ಅವರ ಅಡುಗೆಮನೆಗೇ ನುಗ್ಗಿ, "ಒಂದು ಕೆಂಡ ಕೊಡೇ" ಅನ್ನುತ್ತಿದ್ದೆ. ಜಗಳವಾಡಿ ಮಾತು ಬಿಟ್ಟವರ ಮನೆಗೂ! ಕೇಳೋದಕ್ಕೆ ನಾಚಿಕೆ ಅನ್ನೋದೇ ನಿಮ್ಮ ಕಾಲದವರಿಗೆ ಇರಲಿಲ್ಲವಲ್ಲ?

ಈ ಚಳಿಗಾಲ ಇಲ್ಲಿ ನಮ್ಮ ಸೀಡರ್ ಪಾರ್ಕ್ ಊರಿನಲ್ಲಿ ಐಸ್ ಬಿದ್ದು ಕರೆಂಟ್ ಹೋಯಿತು. ನಮ್ಮದು ಗ್ಯಾಸ್ ಒಲೆ, ಕಡ್ಡಿ ಗೀರಿದರೆ ಉರಿಯುತ್ತದೆ. ಪಕ್ಕದ ಮನೆ ಸ್ಮಿತಾಳದು ಕರೆಂಟಿನ ಒಲೆ. ಮೈಸೂರಿನ ಹುಡುಗಿ, ಗಂಡ ಹ್ಯೂಸ್ಟನ್‌ನಲ್ಲಿ ಸಿಕ್ಕಿಕೊಂಡಿದ್ದ, ಜೊತೆಗೆ ಪುಟ್ಟ ಮಗು. ಬಂದೇ ಬರುತ್ತಾಳೆಂದು ಹಾಲು ಬಿಸಿ ಮಾಡಿಟ್ಟು ಕಾದೆ. ಬರಲಿಲ್ಲ. ಮಾರನೆಯ ದಿನ ನೋಡಿದರೆ, ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು ಮಗುವಿಗೆ ಒಣ ಸೀರಿಯಲ್ ತಿನ್ನಿಸುತ್ತಿದ್ದಾಳೆ! ಓಡಿದೆ.

"ಯಾಕೇ ಬರಲಿಲ್ಲ?"

"ನಿಮಗೆ ಸುಮ್ನೆ ಯಾಕೆ ಡಿಸ್ಟರ್ಬ್ ಮಾಡೋದು ಅಂತ, ಆಂಟಿ."

ಡಿಸ್ಟರ್ಬ್ ಅಂತೆ! ಅಳದಿದ್ದರೆ ತಾಯಿಯೂ ಹಾಲು ಕೊಡೋಲ್ಲ, ಇವರಿಗೆ ಅಳೋದಕ್ಕೂ ಸಂಕೋಚ. ಮನೆಗೆ ಕರೆದರೂ ಬರಲೊಲ್ಲಳು. ಬಿಸಿ ತಿಳಿಸಾರು, ಅನ್ನ ಮಾಡಿ ಮೆಸೇಜ್ ಹಾಕಿದೆ. "ಥ್ಯಾಂಕ್ಯೂ ಆಂಟಿ, ಬಾಗಿಲ ಹತ್ರ ಇಟ್ಟುಬಿಡಿ, ಆಮೇಲೆ ತಗೋತೀನಿ" ಎಂದು ಉತ್ತರ ಬಂತು.

ಡಬ್ಬಿ ಹಿಡಿದು ಅವಳ ಹೊಸಿಲಾಚೆ ಬಗ್ಗಿದಾಗ ನೆನಪಾದವಳು ಕೆಂಚಮ್ಮ. ಆಚೆ ಕೇರಿಯಿಂದ ಅವಳೂ ಕೆಂಡಕ್ಕೆ ಬರುತ್ತಿದ್ದಳಲ್ಲ, ಅಜ್ಜಿ? ಅವಳು ಮಾತ್ರ ಅಡುಗೆಮನೆಗೆ ಬರುವ ಹಾಗಿರಲಿಲ್ಲ. ನೀನು ಅಂಗಳದ ಮಣ್ಣಿನ ಮೇಲೆ ಕೆಂಡ ಹಾಕಿ ಹಿಂದೆ ಸರಿಯುತ್ತಿದ್ದೆ. ಅವಳು ಬಗ್ಗಿ ಬೆರಣಿಗೆ ಎತ್ತಿಕೊಳ್ಳುತ್ತಿದ್ದಳು. ಊರಿಗೆಲ್ಲ ಒಂದೇ ಒಲೆ ಅನ್ನುತ್ತಿದ್ದೆಯಲ್ಲ, ಹಾಗಾದರೆ ಅದು... ಹೋಗಲಿ, ನೀನೇ ಇಲ್ಲದ ಮೇಲೆ ಈಗ ಯಾರನ್ನು ಕೇಳಲಿ? ಇಷ್ಟು ವರ್ಷ ನಿನ್ನ ಮೇಲೆ ಬಾರದ ಸಿಟ್ಟು ಆ ಬಾಗಿಲಲ್ಲಿ ಬಂತು.

ಡಬ್ಬಿ ಕೆಳಗಿಡಲಿಲ್ಲ. ಬಾಗಿಲನ್ನು ದಬದಬ ಬಡಿದೆ.

"ಇಟ್ಟು ಹೋಗಿ, ಆಂಟಿ."

"ಇಡಲ್ಲ ಕಣೇ! ಬಾಗಿಲು ತೆಗಿ."

ಕೊನೆಗೂ ತೆಗೆದಳು. ಅತ್ತು ಕಣ್ಣು ಊದಿತ್ತು. ಮಗುವನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದಳು, ಕರೆಂಟ್ ಬರುವವರೆಗೂ ಇದ್ದಳು.

ನಿನಗೆ ಹೇಳಬೇಕಾದ ಸುದ್ದಿ ಅದಲ್ಲ. ಡಬ್ಬಿಯನ್ನು ನಾನು ಅವಳ ಕೈಗೇ ಕೊಟ್ಟೆ, ಅಜ್ಜಿ. ಬೆರಳು ತಾಗಿದವು, ತಣ್ಣಗೆ ಕೊರೆಯುತ್ತಿದ್ದವು. ಕೆಂಚಮ್ಮನ ಕೈ ಹೇಗಿತ್ತೋ, ನಿನಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿಲ್ಲ.