ಈ ಸಲ ಕಾರಣ ಬೇಡವಂತೆ

ರೀ,

ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಇಷ್ಟು ವರ್ಷ ಕರೆದ ಹಾಗೆಯೇ ಕರೆಯುತ್ತಿದ್ದೇನೆ. ನೀವು ಹೋದ ಮೇಲೆ ಇದು ಮೊದಲ ಕಾಗದ. ಓದಲು ಕನ್ನಡಕ ಹುಡುಕಬೇಡಿ, ಅದು ನನ್ನ ಹತ್ತಿರವೇ ಉಳಿಯಿತು.

ಮೊದಲು ಬೈಸಿಕೊಳ್ಳುವ ಸುದ್ದಿ. ಈ ವರ್ಷ ನನ್ನ ತೆರಿಗೆ ಲೆಕ್ಕ ಕೊಡುವುದು ತಡವಾಯಿತು. ಪರದೆ ಹೊಲಿದು ನಾನು ದುಡಿಯುವುದಕ್ಕಿಂತ ಅದರ ಲೆಕ್ಕ ಬರೆಯುವ ನಿಮ್ಮ ಗತ್ತೇ ದೊಡ್ಡದಿತ್ತು. "ನೀನು ಸೂಜಿಗೆ ದಾರ ಪೋಣಿಸು ಇವಳೇ, ಇದು ನಿನ್ನ ತಲೆಗೆ ಹತ್ತೋದಲ್ಲ" ಎನ್ನುತ್ತಿದ್ದಿರಿ. ದಿನವಿಡೀ ಬಸ್ಸು ಓಡಿಸಿ ಬಂದರೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಗಡುವಿಗೆ ಮೊದಲೇ ಮುಗಿಸಿ, ಯುದ್ಧ ಗೆದ್ದವರ ಹಾಗೆ ಚಹಾ ಕೇಳುತ್ತಿದ್ದಿರಿ.

ಆ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ರಸೀದಿಗಳೆಲ್ಲ ಅದರ ಎದುರಿನ ಮೇಜಿನ ಮೇಲೆಯೇ ಇದ್ದವು, ಕಸ ಗುಡಿಸುವಾಗಲೂ ಸುತ್ತುಹಾಕಿ ಹೋದೆ. ಕಿಟಕಿ ಅಳತೆ ಕೊಡಲು ಬಂದವರು "ಯಜಮಾನ್ರು ಎಲ್ಲಿ?" ಎಂದರೆ "ಹೊರಗೆ ಹೋಗಿದ್ದಾರೆ" ಎಂದುಬಿಡುತ್ತಿದ್ದೆ. ತೀರಿಕೊಂಡರು ಎಂಬ ಮಾತು ಯಾರ ಎದುರೂ ಬಾಯಿಗೆ ಬರಲಿಲ್ಲ. ಗಂಟಲಲ್ಲೇ ಕೂತು ಊಟವನ್ನೂ ಇಳಿಯಲು ಬಿಡುತ್ತಿರಲಿಲ್ಲ.

ಕೊನೆಗೆ ಮಗಳು ಫೋನ್ ಮಾಡಿದಳು. "ಅಮ್ಮಾ, ತೆರಿಗೆ ಕಟ್ಟಲೇಬೇಕು. ಆದ್ರೆ ಈ ತಿಂಗಳ ಕೊನೇವರೆಗೆ ತಡವಾಗಿ ಲೆಕ್ಕ ಕೊಟ್ರೂ, ತಡವಾಗಿ ಕಟ್ಟಿದ್ರೂ ದಂಡ ಇಲ್ವಂತೆ. ಎದ್ದು ಹೋಗು." ಸರ್ಕಾರದವರು ಸುಮ್ಮನೆ ಬಿಟ್ಟಾರೆಯೇ, ತಡವೇಕೆಂದು ಕೇಳಿಯೇ ಕೇಳುತ್ತಾರೆ ಎಂದುಕೊಂಡೆ. ಕೇಳಿದ ಮೇಲೆ ಹೇಳದೆ ವಿಧಿಯಿಲ್ಲವಲ್ಲ! ನಿಜ ಹೇಳುತ್ತೇನೆ, ದಂಡ ಉಳಿಯುತ್ತದೆಂದು ಹೊರಟವಳಲ್ಲ ನಾನು, ಆ ಪ್ರಶ್ನೆಗಾಗಿಯೇ ಹೊರಟವಳು. ರಸೀದಿಗಳನ್ನು ಚೀಲಕ್ಕೆ ತುಂಬಿಕೊಂಡು, ತೆರಿಗೆ ಕಚೇರಿಯ ದಾರಿಯುದ್ದಕ್ಕೂ ಉತ್ತರವನ್ನು ಮನಸ್ಸಿನಲ್ಲೇ ಉರುಹೊಡೆದೆ.

ಕೌಂಟರಿನ ಹುಡುಗಿ ರಸೀದಿಗಳನ್ನು ನೋಡಿ, ತೆರಿಗೆ ಕಟ್ಟಿಸಿಕೊಂಡು, ಮುದ್ರೆ ಒತ್ತಿ, "ಆಯ್ತಮ್ಮ, ಹೊರಡಿ" ಎಂದಳು. "ತಡ ಯಾಕಾಯ್ತು ಅಂತ ಕೇಳಲ್ವಾ?" ಎಂದೆ. "ಈ ಸಲ ಎಲ್ಲರಿಗೂ ಮನ್ನಾ. ಕಾರಣ ಬೇಡಮ್ಮ" ಎಂದು ನಕ್ಕಳು.

ನನಗೆ ಎಂಥ ಸಿಟ್ಟು ಬಂತು ಗೊತ್ತೇ! ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದರು. ನಾನು ಜಪ್ಪಯ್ಯ ಎಂದರೂ ಕದಲಲಿಲ್ಲ. "ನಿನಗೆ ಬೇಡದಿದ್ರೂ ಕೇಳಿಸ್ಕೋ ತಾಯಿ. ನಮ್ಮನೆಯವರು ತೀರಿಕೊಂಡ್ರು" ಎಂದೆ. ಗೊಣಗಾಟ ನಿಂತಿತು. ಹುಡುಗಿ ಮುದ್ರೆಯನ್ನು ಪಕ್ಕಕ್ಕಿಟ್ಟು, "ಹೇಗಿದ್ರಮ್ಮ ಅವ್ರು?" ಎಂದು ಕೇಳಿದಳು.

ಅದನ್ನು ಹೇಳಲು ಕೂತರೆ ಕಚೇರಿಯ ಬಾಗಿಲು ಹಾಕುವ ಹೊತ್ತಾಗುತ್ತಿತ್ತು. "ಯಾವತ್ತೂ ತಡ ಮಾಡಿದವರಲ್ಲ" ಎಂದೆ. ಮುಂದೆ ಆಗಲಿಲ್ಲ, ಅಲ್ಲೇ ನಿಂತು ಅತ್ತುಬಿಟ್ಟೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಈಗ ನಿಮ್ಮ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇದರ ಒಂದು ಕಾಲು ಅಲುಗಾಡುತ್ತದೆ, ಇಷ್ಟು ವರ್ಷ ಬಾಯೇ ಬಿಡಲಿಲ್ಲವಲ್ಲ ನೀವು! ನಾಳೆ ಸರಿಮಾಡಿಸುತ್ತೇನೆ. ಹೊಲಿಯುವ ಪರದೆಗಳೂ ಬಾಕಿ ಬಿದ್ದಿವೆ. ನಾನು ಅಲ್ಲಿಗೆ ಬರುವುದು ಸ್ವಲ್ಪ ತಡವಾದೀತು. ದಂಡ ಹಾಕಬೇಡಿ.

ಇದ್ದಲ್ಲಿ ತಣ್ಣಗಿರಿ.

ನಿಮ್ಮ
'ಇವಳೇ'