ಆಯ್ತು ಮಾವ

ಮಾರ್ಚ್ 4, ಸೋಮವಾರ

ಆಸ್ಪತ್ರೆಯ ನಾನೂರು ಬೆಡ್‌ಶೀಟು ಮಧ್ಯಾಹ್ನದೊಳಗೆ ಮುಗಿಸಿದೆ. ಮುಗಿಸಿದೆ ಅಂದರೆ ಮಾಡಿಸಿದೆ — ಇವತ್ತಿನಿಂದ ನಾನು ಸೂಪರ್‌ವೈಸರ್. ಈ ಲಾಂಡ್ರಿಯ ಇಸ್ತ್ರಿ ರೋಲರ್ ಮುಂದೆ ಇಪ್ಪತ್ತೆರಡು ವರ್ಷ ಬೆಂದವನು. ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸು. ಅದರಲ್ಲೂ ಅರ್ಧ ಕಾಲ ಬೆಂಚಿನ ಮೇಲೆ ನಿಂತೇ ಕಳೆದೆ. ಎಲ್ಲರನ್ನೂ ಮೇಲಿಂದ ನೋಡುವುದು ಆಗಲೇ ಅಭ್ಯಾಸವಾಗಿತ್ತು.

ಕೆಲಸದ ವಿವರ ಬರೆಯಿರಿ ಎಂದು ಮ್ಯಾನೇಜರ್ ಈ ಡೈರಿ ಕೊಟ್ಟ. ಜೊತೆಗೊಂದು ಹಾಳೆ, ‘ಹೊಸ ಸೂಪರ್‌ವೈಸರುಗಳಿಗೆ ಹತ್ತು ಸೂಚನೆ’. ಮೂರನೆಯದು: ಹೇಳಿದ್ದನ್ನು ಎದುರಿನವರಿಂದ ವಾಪಸ್ ಹೇಳಿಸಿ. ನಾಲ್ಕನೆಯದು: ಕೆಲಸ ಆಗಿದೆಯೇ ಎಂದು ನೀವೇ ಕಣ್ಣಾರೆ ನೋಡಿ.

ನಾನೇನು ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟ್ರಾ? ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಂಟುವ ಮೇಜಿನ ಕಾಲಿನಡಿ ಇಟ್ಟೆ. ಮೇಜು ಗಟ್ಟಿಯಾಗಿ ನಿಂತಿತು. ಉಪಯೋಗಕ್ಕೆ ಬಂತಲ್ಲ.

ಮಾರ್ಚ್ 5

ತಂಗಿಯ ಮಗಳನ್ನು ಪ್ಯಾಕಿಂಗಿನಿಂದ ತೆಗೆದು ರೋಲರಿಗೆ ಹಾಕಿದೆ. ಕೈ ಚುರುಕು. ನಮ್ಮ ಮನೆತನದ ಕೈ. ಅವಳು ಮಾವ ಮಾವ ಎಂದು ಕರೆದು ಕರೆದು ಈಗ ಇಡೀ ಲಾಂಡ್ರಿಗೇ ಮಾವ ಆಗಿದ್ದೇನೆ. ನನಗಿಂತ ಎರಡು ವರ್ಷ ದೊಡ್ಡವನಾದ ಉದ್ದಣ್ಣನೂ ಹಾಗೇ ಕರೆಯುತ್ತಾನೆ. ಉದ್ದಣ್ಣ ಮೆಷಿನ್ ನೋಡಿಕೊಳ್ಳುವವನು. ಆಳು ಎಷ್ಟು ಉದ್ದವೋ ಮಾತು ಅಷ್ಟು ಗಿಡ್ಡ.

“ರೋಲರಿಗೆ ಎಣ್ಣೆ ಹಾಕೋ.”

“ಆಯ್ತು.”

ಅರ್ಧ ಗಂಟೆ ಬಿಟ್ಟು ಕೇಳಿದೆ, “ಹಾಕಿದ್ಯಾ?”

“ಆಯ್ತು.”

“ಮಾಡ್ತೀನಿ ಅನ್ನೋಕೂ ಆಯ್ತು, ಮಾಡ್ದೆ ಅನ್ನೋಕೂ ಆಯ್ತು. ಬೇರೆ ಮಾತು ಕಲೀಲಿಲ್ವೇನಯ್ಯ ನೀನು?”

“ಆಯ್ತು ಬಿಡು ಮಾವ, ಕಲೀತೀನಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು.

ಮಾರ್ಚ್ 8, ಸಂಜೆ

ನಮ್ಮ ಪಾಳಿಯೇ ಫಸ್ಟ್. ಗುಟ್ಟು ನನಗೊಬ್ಬನಿಗೇ ಗೊತ್ತು. ಹಳೇ ಸೂಪರ್‌ವೈಸರ್ ರೋಲರಿನಲ್ಲಿ ಬಟ್ಟೆ ಸಿಕ್ಕಿಕೊಂಡಾಗೆಲ್ಲ ತಾನೇ ನಡೆದು ಹೋಗಿ ಮೇನ್ ಸ್ವಿಚ್ ಆಫ್ ಆಗಿದೆಯೇ ಎಂದು ನೋಡಿ ಬರುತ್ತಿದ್ದ. ಸ್ವಿಚ್ ಇರುವುದು ಆ ಕಡೆಯ ಗೋಡೆಗೆ, ನೇತುಹಾಕಿದ ಶೀಟುಗಳ ಹಿಂದೆ. ಹದಿನೈದು ಹೆಜ್ಜೆ ಹೋಗಬೇಕು, ಹದಿನೈದು ಹೆಜ್ಜೆ ಬರಬೇಕು. ನಾನು ನಿಂತಲ್ಲಿಂದಲೇ ಕೂಗುತ್ತೇನೆ. ಉದ್ದಣ್ಣ ಆಫ್ ಮಾಡುತ್ತಾನೆ.

“ಮಾವ, ನೀನು ಹೋಗಿ ನೋಡಲ್ವಾ?” ಅಂದಳು ನಮ್ಮ ಹುಡುಗಿ.

“ನನ್ನ ಗಂಟ್ಲು ಹೋಗತ್ತಲ್ಲ. ಕಾಲ್ಯಾಕೆ ಸವೆಸ್ಲಿ?”

ನಕ್ಕಳು. ಲೀಡರ್ ಎಂದರೆ ನಡೆಯುವವನಲ್ಲ, ನಡೆಸುವವನು. ಇದನ್ನು ಹನ್ನೊಂದನೇ ಸೂಚನೆ ಮಾಡಿ ಅಚ್ಚು ಹಾಕಿಸಬೇಕು.

ಮಾರ್ಚ್ 12

ಬರೆಯಲಾರೆ.

ಮಾರ್ಚ್ 15, ಶುಕ್ರವಾರ

ತಂಗಿಯ ಮಗಳ ಮೂರು ಬೆರಳು ಹೋದವು. ಬಲಗೈಯವು. ಉಳಿದೆರಡು ಬಗ್ಗುತ್ತವೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ.

ಮಂಗಳವಾರ, ಹನ್ನೊಂದೂ ಇಪ್ಪತ್ತು. ಶೀಟು ಮುದುಡಿ ರೋಲರಿನಲ್ಲಿ ಸಿಕ್ಕಿಕೊಂಡಿತು. ರೋಲರ್ ನಿಂತಿತು — ಬಟ್ಟೆ ಹಿಡಿದುಕೊಂಡಿದ್ದರಿಂದ ನಿಂತದ್ದು, ಕರೆಂಟು ಹೋಗಿರಲಿಲ್ಲ. “ಉದ್ದಣ್ಣಾ, ಮೇನ್ ಆಫ್ ಮಾಡು” ಎಂದು ಕೂಗಿದೆ. ಶೀಟುಗಳ ಹಿಂದಿನಿಂದ “ಆಯ್ತು ಮಾವ” ಅಂದ. ನಾನು ಹುಡುಗಿಗೆ “ಹಾಕು ಕೈ” ಅಂದೆ. ಅವಳು ಬಟ್ಟೆ ಎಳೆದಳು. ಬಟ್ಟೆ ಸಡಿಲವಾಯಿತು. ರೋಲರ್ ತಿರುಗಿತು…

ಉದ್ದಣ್ಣ ಆಗಿನ್ನೂ ಸ್ವಿಚ್ಚಿನ ಕಡೆಗೆ ನಡೆಯುತ್ತಿದ್ದ.

ಇವತ್ತು ಆಸ್ಪತ್ರೆಗೆ ಹುಡುಗಿಯನ್ನು ನೋಡಲು ಹೋದೆ. ಮಲಗಿದ್ದು ನಮ್ಮದೇ ಶೀಟಿನ ಮೇಲೆ, ಮೂಲೆಯಲ್ಲಿ ನಮ್ಮ ಲಾಂಡ್ರಿಯ ಗುರುತು. ಒಂದೂ ಸುಕ್ಕಿಲ್ಲ. ತಂಗಿ ಪಕ್ಕದಲ್ಲಿದ್ದಳು. “ಆ ಲಂಬೂಗೆ ಕಿವಿ ಕೇಳಲ್ವಾ ಅಣ್ಣ?” ಎಂದು ಕೇಳಿದಳು. ಏನಾದರೂ ತಮಾಷೆ ಮಾಡಿ ಹುಡುಗಿಯನ್ನು ನಗಿಸೋಣವೆಂದು ಬಾಯಿ ತೆರೆದೆ. ಶೀಟಿನ ಮೂಲೆ ಸರಿಮಾಡುತ್ತ ನಿಂತೆ.

ಹುಡುಗಿಯೇ ಮಾತಾಡಿದಳು. ಬೈಯಲಿಲ್ಲ. ಬೈದಿದ್ದರೆ ಸಾಕಿತ್ತು.

“ನೀನು ನೋಡಿರ್ತೀಯ ಅಂತ ಹಾಕ್ದೆ ಮಾವ.”

ಮಾರ್ಚ್ 18, ಸಂಜೆ

ಮ್ಯಾನೇಜರ್ ರೂಮಿಗೆ ಕರೆದ. ಟೈಪ್ ಮಾಡಿದ ಹೇಳಿಕೆ ರೆಡಿ ಇತ್ತು. ‘ಮೇನ್ ಸ್ವಿಚ್ ಆಫ್ ಆಗಿದೆ ಎಂದು ಮೆಷಿನ್ ಆಪರೇಟರ್ ತಿಳಿಸಿದ ನಂತರವೇ ಸೂಪರ್‌ವೈಸರ್ ಮುಂದಿನ ಕೆಲಸ ಹೇಳಿರುತ್ತಾರೆ.’

“ಅವನು ಆಯ್ತು ಅಂದಿದ್ದು ನಿಜ ತಾನೇ?”

“ನಿಜ ಸಾರ್.”

“ಮತ್ತೇನು? ಅವನನ್ನು ಕೆಲಸದಿಂದ ಕಳಿಸ್ತೀವಿ, ನಿಮಗೇನೂ ಆಗಲ್ಲ. ನಾಳೆ ಎಂಟಕ್ಕೆ ಸಹಿ ಮಾಡಿ ಕೊಡಿ.”

“ಆಯ್ತು ಸಾರ್” ಅಂದೆ. ಅಂದಮೇಲೆ ಆ ಮಾತು ಕಿವಿಗೆ ಬಿತ್ತು.

ಹೊರಗೆ ಉದ್ದಣ್ಣ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಕೂತೆ. ಕೂತರೆ ಅವನೂ ನನ್ನಷ್ಟೇ ಎತ್ತರ.

“ಮಾಡ್ತೀನಿ ಅಂತ ಆಯ್ತು ಅಂದೆ ಮಾವ. ಮಾಡ್ದೆ ಅಂತ ಅಲ್ಲ. ನಿಂಗೊತ್ತಲ್ಲ?”

ಗೊತ್ತು. ಇಡೀ ಲಾಂಡ್ರಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಮೇಲೆ ತಮಾಷೆ ಮಾಡಿದವನೇ ನಾನು.

“ನೋಡೋಣ” ಎಂದು ಎದ್ದು ಬಂದೆ. ನೋಡಬೇಕಾದಾಗ ನೋಡದವನು.

ಮಾರ್ಚ್ 19, ಬೆಳಿಗ್ಗೆ 7.10

ಇನ್ನೂ ಯಾರೂ ಬಂದಿಲ್ಲ. ಬಂದವನೇ ಮೇನ್ ಸ್ವಿಚ್ಚಿನವರೆಗೆ ನಡೆದೆ. ಹದಿನೈದು ಅಂದುಕೊಂಡಿದ್ದೆ, ಹನ್ನೆರಡೇ ಹೆಜ್ಜೆ. ನೋಡಿದೆ. ಆಫ್ ಇತ್ತು. ಮತ್ತೊಮ್ಮೆ ನೋಡಿದೆ.

ಮೇಜಿನ ಕಾಲಿನಡಿಯಿಂದ ಹಾಳೆ ತೆಗೆದೆ. ಮೂರು, ನಾಲ್ಕನೇ ಸೂಚನೆಯ ಮೇಲೆ ಮೇಜಿನ ಕಾಲು ಒತ್ತಿ ದುಂಡಗೆ ಕಪ್ಪು ಗುರುತು ಬಿದ್ದಿದೆ. ಆದರೂ ಓದಲು ಬರುತ್ತದೆ. ಹಿಂಬದಿ ಖಾಲಿ. ನನ್ನ ಹೇಳಿಕೆಗೆ ಅಷ್ಟು ಜಾಗ ಸಾಕು.

ಮೇಜು ಮತ್ತೆ ಕುಂಟುತ್ತಿದೆ, ಅಕ್ಷರ ಸೊಟ್ಟ ಬೀಳುತ್ತಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಆ ಹಾಳೆಗೆ ಇಳಿಸಬೇಕು.

‘ಆಯ್ತು ಅಂದದ್ದು ಉದ್ದಣ್ಣ. ಅದು ಮಾಡುತ್ತೇನೆ ಎಂಬ ಆಯ್ತು. ಸ್ವಿಚ್ ನೋಡದೆ “ಹಾಕು ಕೈ” ಎಂದು ಹುಡುಗಿಗೆ ಅಂದದ್ದು ನಾನು.’