ಕಣ್ಣು ಮುಚ್ಚಿ ಮಾಡಿದ ಜಗಳ

ಡೊಂಬಿವಲಿ
೧೨ ಆಗಸ್ಟ್ ೨೦೨೫

ನನ್ನ ಮುದ್ದು ಪ್ರಭಕ್ಕಾ,

ಕ್ರಿಸ್ತನಲ್ಲಿ ವಂದನೆಗಳು, ಜೊತೆಗೆ ಒಂದು ಬುಟ್ಟಿ ಮುತ್ತು! ಮದುವೆಯಾದ ಮೇಲೆ ಒಂದು ಕಾಗದವನ್ನೂ ಹಾಕಲಿಲ್ಲವೆಂದು ಬೈಯಬೇಡ. ಇದನ್ನು ಫೋನಿನಲ್ಲಿ ಹೇಳೋಣವೆಂದರೆ ಈ ಪುಟ್ಟ ಫ್ಲ್ಯಾಟಿನಲ್ಲಿ ಅಕ್ಷಿತ್‌ಗೆ ಎಲ್ಲವೂ ಕೇಳಿಸುತ್ತದೆ, ಅವರಿಲ್ಲದ ಹೊತ್ತಿನಲ್ಲಿ ನಿನಗೆ ಬಿಡುವಿರುವುದಿಲ್ಲ. ಇಂಗ್ಲಿಷ್ ಮೀಡಿಯಂ ತಂಗಿಯ ಕನ್ನಡಕ್ಕೆ ನಗಲೂ ಬೇಡ.

ಅಕ್ಕಾ, ನನ್ನ ಗಂಡ ಎಷ್ಟು ಒಳ್ಳೆಯವರು ಗೊತ್ತಾ! ಲೋಕಲ್ ಟ್ರೈನಿನಲ್ಲಿ ನಜ್ಜುಗುಜ್ಜಾಗಿ ಬಂದರೂ ನಗುತ್ತಲೇ ಬರುತ್ತಾರೆ. ಆದರೆ ಶನಿವಾರ ಮಾತ್ರ ಅವರು ನನ್ನವರಲ್ಲ. ಥಾಣೆಯ ನಮ್ಮ ಕನ್ನಡ ಚರ್ಚಿನ ಯುವಜನ ಸಂಘಕ್ಕೆ ಅವರೇ ನಾಯಕ. ಕಾಲೇಜು ಮಕ್ಕಳಿಗೆ ಬೈಬಲ್ ಓದಿಸುತ್ತಾರೆ, ಗಿಟಾರ್ ಹಿಡಿದು ಹಾಡಿಸುತ್ತಾರೆ. ಅವರಲ್ಲಿ ಪಕ್ಕದೂರು ಕಳವಾದಿಂದ ಬರುವ ಅಶ್ಮಿತಾ ಎಂಬವಳೊಬ್ಬಳು. ಕಳೆದ ವರ್ಷ ತಾಯಿ ತೀರಿಕೊಂಡಾಗಿನಿಂದ ಅವಳಿಗೆ ಪ್ರಾರ್ಥನೆಯೇ ಬರುವುದಿಲ್ಲವಂತೆ. ನಾವು ಊಟಕ್ಕೆ ಕೂತ ಕೂಡಲೇ ಅವಳ ಫೋನು.

"ಅಕ್ಷಿತಣ್ಣಾ, ಏಕ್ ಸವಾಲ್ ಥಾ, ಒಂದು ಪ್ರಶ್ನೆ. ದೇವರು ಕೇಳ್ತಾನಾದ್ರೆ ಮಮ್ಮಿಯನ್ನು ಯಾಕೆ ತಕೊಂಡ?"

ಇವರು ತಟ್ಟೆ ಬಿಟ್ಟು ಬಾಲ್ಕನಿಗೆ ಹೋಗಿ ಅವಳೊಂದಿಗೆ ಪ್ರಾರ್ಥಿಸುತ್ತಾರೆ. ಇತ್ತ ನನ್ನ ಕೋರಿ ರೊಟ್ಟಿ ಕೋಳಿಸಾರಿನಲ್ಲಿ ಮೆತ್ತಗಾಗಿ ಮುದ್ದೆಯಾಗುತ್ತದೆ. "ಸಣ್ಣ ಹುಡುಗಿ ಮಾರಾಯ್ತಿ, ಅವಳ ವಿಶ್ವಾಸ ಈಗಷ್ಟೇ ಚಿಗುರ್ತಾ ಉಂಟು" ಎನ್ನುತ್ತಾರೆ. ನಮ್ಮ ಸಂಸಾರವೂ ಈಗಷ್ಟೇ ಚಿಗುರುತ್ತಿಲ್ಲವೇ?

ಸಂಘದಲ್ಲಿ ಸರಪಳಿ ಪ್ರಾರ್ಥನೆ ಎಂಬುದುಂಟು. ಎಲ್ಲರೂ ಕೈ ಹಿಡಿದು, ಕಣ್ಣು ಮುಚ್ಚಿ, ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಹಿಂದಿನ ವಾರ ಅಕ್ಷಿತ್ ಮಕ್ಕಳಿಗೆ ವಡಾಪಾವ್ ತರಲು ಕೆಳಗೆ ಹೋಗಿದ್ದರು. ಅಶ್ಮಿತಾ ನನ್ನ ಪಕ್ಕದಲ್ಲಿದ್ದಳು. ಎಷ್ಟೋ ಕಾಲದ ಮೇಲೆ ಪ್ರಾರ್ಥನೆಗೆ ಬಾಯಿ ಬಿಟ್ಟಳು: "ಯೇಸಪ್ಪಾ, ಅಕ್ಷಿತಣ್ಣನನ್ನು ಕೊಟ್ಟದ್ದಕ್ಕೆ ಥ್ಯಾಂಕ್ಸ್."

ಮುಂದಿನ ಸರದಿ ನನ್ನದು. "ಕರ್ತನೇ, ಹೊಸದಾಗಿ ಮದುವೆಯಾದವರಿಗೆ ಊಟದ ಹೊತ್ತಿನಲ್ಲಿ ಫೋನು ಮಾಡಬಾರದೆಂಬ ಬುದ್ಧಿಯನ್ನು ನಿನ್ನ ಮಕ್ಕಳಿಗೆ ದಯಪಾಲಿಸು" ಎಂದೆ. ಎಲ್ಲರೂ "ಆಮೆನ್" ಎಂದರು! ಸಭೆಯ ಹಿರಿಯರಾದ ಪೂವಪ್ಪ ಅಂಕಲ್, "ಎಂಥ ಪ್ರಾರ್ಥನೆ ಮಗಾ! ನಮ್ಮ ಮನೆಗೂ ಬಂದು ಒಮ್ಮೆ ಮಾಡು, ಆಂಟಿ ಫೋನ್ ಇಡುದೇ ಇಲ್ಲ" ಎಂದು ನಕ್ಕರು. ಅಶ್ಮಿತಾ ಮಾತ್ರ ನನ್ನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಈ ಶನಿವಾರ ಅವಳು ಬರಲಿಲ್ಲ. ಇವರು ಫೋನು ಮಾಡಿದರೆ ಎತ್ತುವುದಿಲ್ಲ. "ನಾನೇ ಏನಾದ್ರೂ ತಪ್ಪು ಕಲಿಸಿದೆನಾ?" ಎಂದು ಕೊರಗುತ್ತಾರೆ. ಈಗ ಊಟ ಮುಗಿಯುವವರೆಗೂ ನನ್ನೆದುರೇ ಇರುತ್ತಾರೆ, ಕಣ್ಣು ಮಾತ್ರ ಮೊಬೈಲಿನ ಮೇಲೆ. ಮೊದಲೇ ಚೆನ್ನಾಗಿತ್ತು ಅಕ್ಕಾ, ಅವಳು ಫೋನು ಇಟ್ಟ ಮೇಲಾದರೂ ನನಗೆ ಸಿಗುತ್ತಿದ್ದರು.

ಆ ಹುಡುಗಿ ಇನ್ನೆಂದೂ ಪ್ರಾರ್ಥಿಸದಿದ್ದರೆ ಅದು ನನ್ನಿಂದ. ಇವತ್ತು ಇವರು ಬಂದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು ಮಾತ್ರ ಆರಿಲ್ಲ, ನಿನ್ನ ಹತ್ತಿರ ಸುಳ್ಳು ಯಾಕೆ?

ಭಾವನಿಗೆ ವಂದನೆ, ಪಾಪುವಿಗೆ ಮುದ್ದು. ಕರ್ತನು ನಿಮ್ಮ ಮನೆಯನ್ನು ಕಾಯಲಿ.

ನಿನ್ನ ತಲೆಹರಟೆ ತಂಗಿ,
ಕಾಂಚನಾ

ತಾ.ಕ.: ಹೇಳಿಬಿಟ್ಟೆ ಅಕ್ಕಾ. ಬೈಯಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ನಾಳೆ ಇಬ್ಬರೂ ಕಳವಾಕ್ಕೆ ಹೋಗುತ್ತೇವೆ, ನಾನು ಅವಳ ಕ್ಷಮೆ ಕೇಳುತ್ತೇನೆ. ಆದರೆ ನಾನು ಹೇಳಿ ಮುಗಿಸಿದ ಕೂಡಲೇ ಇವರು ಕೇಳಿದ ಮೊದಲ ಮಾತು, "ಅವಳು ಅತ್ತಳಾ?"

ಅಕ್ಕಾ, ನಾನು ಅವರೆದುರಿಗೇ ಅಳುತ್ತಿದ್ದೆ.